ಬೊಗ್ಗನ ಕಣ್ಣಿನ ಕೆಳಗಿನ ಗಾಯ ಹಲ್ಲಿನದಂತೆ! ಹೊಸ ಮರಿಗೆ, ಬೆಕ್ಕಿಗೆ ಏನೇನು ಮಾಡಿಸಬೇಕು?

ಅಡಿಕೆತೋಟ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮನೆ ಬೊಗ್ಗನಿಗೆ ಏಳು ವರ್ಷ. ನಾಟಿ ನಾಯಿ. ದೀಪಾವಳಿ ಹೊತ್ತಿಗೆ ಎಡಗಣ್ಣಿನ ಕೆಳಗೆ ಅಡಿಕೆ ಗಾತ್ರದ ಊತ ಬಂತು. ಕಣಜ ಕಚ್ಚಿರಬೇಕು ಅಂದುಕೊಂಡೆವು. ಅಮ್ಮ ಅರಿಶಿನ ಹಚ್ಚಿದರು. ನಾಲ್ಕು ದಿನಕ್ಕೆ ಒಡೆದು ಕೀವು ಬಂತು, ಒಣಗಿತು. ತಿಂಗಳು ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಊತ. ಒಬ್ಬರಿಗೆ ತೋರಿಸಿದೆ. ಕಣ್ಣಿಗೆ ಹನಿ, ಐದು ದಿನ ಮಾತ್ರೆ. ವಾಸಿಯಾಯ್ತು. ಸಂಕ್ರಾಂತಿ ಕಳೆದ ಮೇಲೆ ಮೂರನೇ ಸಲ.

ಈ ಸಲ ಕಾರಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಡಾಕ್ಟರು ಕಣ್ಣನ್ನು ಹೆಚ್ಚು ನೋಡಲಿಲ್ಲ. ನೇರವಾಗಿ ತುಟಿ ಎತ್ತಿ ಬಾಯಿ ನೋಡಿದರು. ಮೇಲಿನ ದೊಡ್ಡ ದವಡೆ ಹಲ್ಲು ಉದ್ದಕ್ಕೆ ಸೀಳಿತ್ತು. ಒಂದು ಚಕ್ಕೆ ಎದ್ದು ಹೋಗಿ ಒಳಗೆ ಕಪ್ಪು ಚುಕ್ಕೆ ಕಾಣುತ್ತಿತ್ತು. ಆ ಹಲ್ಲಿನ ಬೇರು ಕಣ್ಣಿನ ಕೆಳಗೇ ಇರುತ್ತದಂತೆ. ಬೇರಿನಲ್ಲಿ ಕೀವು ಕಟ್ಟಿ ಅಲ್ಲಿಂದ ಹೊರಗೆ ದಾರಿ ಮಾಡಿಕೊಂಡಿತ್ತು. ಹಲ್ಲು ಕೀಳಿಸಿದ ಮೇಲೆ ಗಾಯ ಮಾಯಿತು.

ಇದರಲ್ಲಿ ನನಗೆ ತಲೆತಗ್ಗಿಸುವ ಹಾಗಾಗಿದ್ದು ಒಂದೇ. ಮೂರು ತಿಂಗಳು ಆ ನಾಯಿ ಒಂದು ಹೊತ್ತಿನ ಊಟ ಬಿಟ್ಟಿರಲಿಲ್ಲ. "ಊಟ ಮಾಡ್ತಾ ಇದೆ, ಏನೂ ಆಗಿಲ್ಲ" ಅಂತ ಮನೆಯವರೆಲ್ಲ ಹೇಳುತ್ತಿದ್ದೆವು.

ಈಗ ವಿಷಯಕ್ಕೆ ಬರ್ತೀನಿ. ಮನೆಗೆ ಇನ್ನೊಂದು ಮರಿ ಬಂದಿದೆ, 50 ದಿನದ್ದು. ಪುಟ್ಟಿ ಅಂತ ಒಂದು ಬೆಕ್ಕೂ ಇದೆ, ವಯಸ್ಸು ಎರಡಿರಬಹುದು. ಇಲ್ಲಿಯವರೆಗೆ ನಾವು ರೇಬೀಸ್ ಇಂಜೆಕ್ಷನ್ ಬಿಟ್ಟು ಏನೂ ಮಾಡಿಸಿದವರಲ್ಲ, ಅದೂ ಕ್ಯಾಂಪ್ ಬಂದಾಗ. ಹೋದ ಮಳೆಗಾಲದಲ್ಲಿ ಒಂದು ಮರಿ ರಕ್ತಭೇದಿಯಾಗಿ ಎರಡೇ ದಿನದಲ್ಲಿ ಹೋಯ್ತು. ಈ ಸಲ ಸರಿಯಾಗಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಬೆಕ್ಕಿನಮನೆ (ಮೈಸೂರು)

ಬೊಗ್ಗನ ಕಥೆ ಓದಿ ಹೊಟ್ಟೆ ಚುರುಕ್ ಅಂತು. ನಮ್ಮ ಬೆಕ್ಕಿನದೂ ಇದೇ ಥರ. ತಟ್ಟೆ ಹತ್ತಿರ ಓಡಿ ಬರುತ್ತಿತ್ತು, ಒಂದು ತುತ್ತು ಬಾಯಿಗೆ ಹಾಕಿ "ಹಿಸ್" ಅಂತ ಕಿರುಚಿ ಓಡಿ ಹೋಗುತ್ತಿತ್ತು. ಊಟದ ಮೇಲೆ ಸಿಟ್ಟು ಅಂತ ನಾವು ನಗುತ್ತಿದ್ದೆವು. ಆಮೇಲೆ ನೋಡಿದರೆ ಬಾಯಿ ತುಂಬ ಕೆಂಡದಂಥ ಹುಣ್ಣು. ಹಿಂದಿನ ಹಲ್ಲುಗಳನ್ನೆಲ್ಲ ತೆಗೆಸಬೇಕಾಯ್ತು. ಹಲ್ಲಿಲ್ಲದೆ ಹೇಗೆ ತಿನ್ನುತ್ತೆ ಅಂತ ಅತ್ತಿದ್ದೆ. ಈಗ ಮೊದಲಿಗಿಂತ ಚೆನ್ನಾಗಿ ತಿನ್ನುತ್ತೆ, ದಪ್ಪ ಆಗಿದೆ!

ಪುಟ್ಟಿಗೆ ಎರಡು ಲಸಿಕೆ. ಒಂದು ರೇಬೀಸ್. ಇನ್ನೊಂದು ಮೂರು ರೋಗಕ್ಕೆ ಸೇರಿಸಿ ಕೊಡುವುದು, ಅಂಗಡಿಯಲ್ಲೂ ಕ್ಲಿನಿಕ್‌ನಲ್ಲೂ ಟ್ರೈಕ್ಯಾಟ್ ಅಂದರೆ ಗೊತ್ತಾಗುತ್ತೆ. ಎರಡು ವರ್ಷ ಆಗಿದೆ, ಇನ್ನೇನು ಅಂತ ಬಿಡಬೇಡಿ. ದೊಡ್ಡ ಬೆಕ್ಕಿಗೂ ಶುರು ಮಾಡಬಹುದು.

ಗಂಡುಮೆಟ್ಟು (ಹುಬ್ಬಳ್ಳಿ)

ಸಿಟ್ಟಾಗಬೇಡ್ರಿ, ಒಂದು ಮಾತು ಹೇಳ್ತೀನಿ. ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ನಾಯಿ ಇವೆ. ಜೋಳದ ರೊಟ್ಟಿ, ಮಜ್ಜಿಗೆ, ಉಳಿದ ಸಾರು. ಒಂದಕ್ಕೂ ಸೂಜಿ ತೋರಿಸಿಲ್ಲ, ಹಲ್ಲು ಉಜ್ಜುವುದಂತೂ ದೂರದ ಮಾತು. ಹದಿನಾಲ್ಕು ವರ್ಷ ಬದುಕಿದ ನಾಯಿ ಇತ್ತು. ಈಗಿನ ನಮ್ಮ ಸಂಗ್ಯಾನಿಗೂ ಒಂಬತ್ತು ವರ್ಷ, ಭಾಳ ಗಟ್ಟಿ ಇದ್ದಾನೆ. ಇದೆಲ್ಲ ಪೇಟೆಯವರು ಹಚ್ಚಿಕೊಂಡ ಖರ್ಚು ಅನ್ನಿಸ್ತದ.

ನಿವೃತ್ತ ಪಶುವೈದ್ಯ (ಹಾಸನ)

ಗಂಡುಮೆಟ್ಟು ಅವರೇ, ಸಿಟ್ಟೇನೂ ಇಲ್ಲ. ಸರ್ವಿಸ್‌ನಲ್ಲಿ ಮೂವತ್ತು ವರ್ಷ ಕೇಳಿದ ಮಾತೇ ಇದು. ಆದರೆ ಹದಿನಾಲ್ಕು ವರ್ಷ ಬದುಕಿದ ನಾಯಿಯ ಹೆಸರು ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಎರಡು ತಿಂಗಳಿಗೆ ಸತ್ತ ಮರಿಗಳಿಗೆ ಹೆಸರೇ ಇಟ್ಟಿರುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಅಜ್ಜನ ಕಾಲದಲ್ಲಿ ಪಾರ್ವೋ ಅನ್ನುವ ರೋಗವೇ ಇರಲಿಲ್ಲ. ಬೆಕ್ಕುಗಳಲ್ಲಿದ್ದ ಒಂದು ವೈರಸ್ಸಿನ ಹತ್ತಿರದ ನೆಂಟ ಅದು. ನಾಯಿಗೆ ಒಗ್ಗಿಕೊಂಡು 1978ರ ಸುಮಾರಿಗೆ ಪ್ರಪಂಚದ ತುಂಬ ಹಬ್ಬಿತು. ಅಡಿಕೆತೋಟ ಅವರ ಮರಿ ಹೋಗಿದ್ದೂ ಹೆಚ್ಚುಕಡಿಮೆ ಅದರಿಂದಲೇ ಇರಬೇಕು. ವಾಂತಿ, ನಾರುವ ರಕ್ತಭೇದಿ, ಎರಡು ಮೂರು ದಿನ, ಅಷ್ಟೇ.

ಅಡಿಕೆತೋಟ ಅವರೇ, ನೀವು ಈಗಲೇ ಎಚ್ಚರವಾಗಿರಬೇಕು. ಆ ವೈರಸ್ ಮಣ್ಣಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನೈಲ್‌ಗೆ ಬಗ್ಗುವುದಿಲ್ಲ. ಸಿಮೆಂಟು ನೆಲ, ತಟ್ಟೆ, ಸರಪಳಿಗೆ ಬ್ಲೀಚಿಂಗ್ ದ್ರಾವಣ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಅಂಗಳದ ಮಣ್ಣಿಗೆ ಅದನ್ನು ಸುರಿದು ಪ್ರಯೋಜನವಿಲ್ಲ. ಹೋದ ವರ್ಷದ ಮರಿ ಮಲಗುತ್ತಿದ್ದ ಜಾಗಕ್ಕೆ ಈ ಮರಿಯನ್ನು ಬಿಡಬೇಡಿ. ಲಸಿಕೆ ಪೂರ್ತಿ ಆಗುವವರೆಗೆ ಜಗಲಿ ಮೇಲೇ ಬೆಳೆಯಲಿ.

ಈ ವಾರವೇ ಪಾರ್ವೋ ಸೇರಿದ ಮಿಶ್ರ ಲಸಿಕೆಯ ಮೊದಲ ಡೋಸ್ ಹಾಕಿಸಿ. ಆಮೇಲೆ ಮೂರು ನಾಲ್ಕು ವಾರಕ್ಕೊಂದು. ಕೊನೆಯದು 16 ವಾರ ತುಂಬಿದ ಮೇಲೆಯೇ ಆಗಬೇಕು. ಮೂರು ತಿಂಗಳು ತುಂಬಿದಾಗ ರೇಬೀಸ್, ನಮ್ಮಂಥ ಕಡೆ ಎರಡರಿಂದ ನಾಲ್ಕು ವಾರ ಬಿಟ್ಟು ಅದು ಇನ್ನೊಂದು ಸಲ.

ಅಡಿಕೆತೋಟ

ಡಾಕ್ಟ್ರೇ, ತುಂಬಾ ಧನ್ಯವಾದ. ಒಂದು ಪೆದ್ದು ಪ್ರಶ್ನೆ. ಅದೇ ಲಸಿಕೆಯನ್ನು ಮೂರು ಸಲ ಯಾಕೆ? ಒಂದೇ ಸಲ ಜೋರಾಗಿ ಕೊಟ್ಟರೆ ಆಗಲ್ವಾ? ಎರಡನೆಯದು, ನಮ್ಮ ಭಾವ ತೋಟದ ದನಗಳಿಗೆ ತಾನೇ ಇಂಜೆಕ್ಷನ್ ಕೊಡುತ್ತಾನೆ. ಪೇಟೆಯ ಮೆಡಿಕಲ್‌ನಿಂದ ವಯಲ್ ತಂದು ಮನೆಯಲ್ಲೇ ಹಾಕ್ತೀನಿ ಅಂತಿದ್ದಾನೆ.

ನಿವೃತ್ತ ಪಶುವೈದ್ಯ

ಪೆದ್ದು ಪ್ರಶ್ನೆ ಅಲ್ಲ. ಎಷ್ಟೋ ಜನ ಎರಡನೇ ಡೋಸಿಗೆ ಬಿಟ್ಟುಬಿಡುವುದೇ ಇದು ಗೊತ್ತಿಲ್ಲದೆ.

ಹುಟ್ಟಿದ ಮರಿಗೆ ತಾಯಿಯ ಗಿಣ್ಣು ಹಾಲಿನಲ್ಲಿ ಒಂದಿಷ್ಟು ರಕ್ಷಣೆ ಬರುತ್ತದೆ. ಒಳ್ಳೆಯದೇ. ಆದರೆ ಆ ರಕ್ಷಣೆ ಲಸಿಕೆಯನ್ನೂ ಶತ್ರು ಅಂತಲೇ ತಿಳಿದು ಹೊಡೆದುಹಾಕುತ್ತದೆ. ಅದು ಯಾವಾಗ ಕರಗುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಒಂದಕ್ಕೆ ಎಂಟು ವಾರ, ಅದರ ತಮ್ಮನಿಗೆ ಹದಿನಾಲ್ಕು. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ಮೂರು ಸಲ ಕೊಡುತ್ತೇವೆ, ಯಾವುದಾದರೂ ಒಂದು ತಾಗಲಿ ಅಂತ. ಬಲೆಯನ್ನು ಮೂರು ಸಲ ಬೀಸಿದ ಹಾಗೆ. ಆದ್ದರಿಂದಲೇ ಕೊನೆಯದು 16 ವಾರದ ಮೇಲೆ ಇರಬೇಕು ಅಂದಿದ್ದು. 12 ವಾರಕ್ಕೆ "ಕೋರ್ಸ್ ಮುಗಿಯಿತು" ಅಂತ ಲಸಿಕೆ ಬುಕ್ ಕೊಟ್ಟರೆ ಒಪ್ಪಬೇಡಿ.

ಇನ್ನು ನಿಮ್ಮ ಭಾವ. ಕೈ ಚೆನ್ನಾಗಿರಬಹುದು, ತೊಂದರೆ ಇರುವುದು ದಾರಿಯಲ್ಲಿ. ಈ ವಯಲ್‌ಗಳು ಶುರುವಿನಿಂದ ಕೊನೆವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಕರೆಂಟ್ ಹೋದ ಫ್ರಿಜ್ಜು, ಬೈಕಿನ ಡಿಕ್ಕಿ, ಬಿಸಿಲು. ಕೆಟ್ಟ ಲಸಿಕೆಗೆ ವಾಸನೆ ಬರುವುದಿಲ್ಲ, ಬಣ್ಣ ಬದಲಾಗಬೇಕು ಅಂತಲೂ ಇಲ್ಲ. ನೀರು ಚುಚ್ಚಿದ ಹಾಗೆ ಆಗುತ್ತದೆ, ಅಷ್ಟೇ. ಜೊತೆಗೆ ಎರಡು ಸೀಸೆ ಇರುತ್ತವೆ, ಒಂದರಲ್ಲಿ ಒಣ ಬಿಲ್ಲೆ, ಇನ್ನೊಂದರಲ್ಲಿ ದ್ರವ. ಬೆರೆಸಿ ಕೊಡಬೇಕು. ದ್ರವವನ್ನು ಮಾತ್ರ ಚುಚ್ಚಿ ಬಿಲ್ಲೆಯ ಸೀಸೆಯನ್ನು ಎಸೆದವರನ್ನು ಕಣ್ಣಾರೆ ಕಂಡಿದ್ದೇನೆ. ಪಾರ್ವೋ, ಡಿಸ್ಟೆಂಪರ್ (ಮಿದುಳಿಗೆ ಹತ್ತುವ ಇನ್ನೊಂದು ವೈರಸ್ ರೋಗ) ಎಲ್ಲದರ ಲಸಿಕೆ ಇರುವುದು ಆ ಬಿಲ್ಲೆಯಲ್ಲಿ!

ಅಪರೂಪಕ್ಕೆ ಕೆಲವು ಮರಿಗಳಿಗೆ ಮುಖ ಊದಿ ಉಸಿರು ಕಟ್ಟುವುದೂ ಉಂಟು. ಅದಕ್ಕೇ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಬನ್ನಿ.

ಜಯನಗರ4ನೇಬ್ಲಾಕ್ (ಬೆಂಗಳೂರು)

ಬುಕ್ ವಿಷಯ ಬಂತಲ್ಲ, ನನ್ನದೂ ಕೇಳಿ. ಒಬ್ಬರಿಂದ ಲ್ಯಾಬ್ರಡಾರ್ ಮರಿ ತಂದೆ. "ಸರ್, ಎಲ್ಲಾ ವ್ಯಾಕ್ಸಿನ್ ಆಗಿದೆ" ಅಂತ ಚೆಂದದ ಪುಸ್ತಕ ಕೊಟ್ಟರು. ಮೂರು ತಾರೀಕು, ಮೂರು ಸಹಿ. ಹತ್ತು ದಿನಕ್ಕೆ ಪಾರ್ವೋ. ಐದು ದಿನ ಡ್ರಿಪ್ ಹಾಕಿಸಿ, ರಾತ್ರಿಯೆಲ್ಲ ಕ್ಲಿನಿಕ್ ಬೆಂಚಿನ ಮೇಲೆ ಕೂತು, ಉಳಿಸಿಕೊಳ್ಳಲು ಆಗಲಿಲ್ಲ. ಆ ಡಾಕ್ಟರ್ ಪುಸ್ತಕ ತಿರುವಿ ನೋಡಿ ಕೇಳಿದ್ದು ಒಂದೇ ಮಾತು: "ಸ್ಟಿಕರ್ ಎಲ್ಲಿ?"

ವಯಲ್ ಮೇಲಿನ ಸ್ಟಿಕರ್ ಕಿತ್ತು ಪುಸ್ತಕಕ್ಕೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುತ್ತೆ. ಸ್ಟಿಕರ್ ಇಲ್ಲ, ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಇರುವ ಸೀಲ್ ಇಲ್ಲ ಅಂದರೆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕ ಹಾಕಿ. ಮರಿಗಳ ಮಿದುಳಿಗೇ ಹತ್ತುವ ಡಿಸ್ಟೆಂಪರ್‌ಗೂ ಇದೇ ಲಸಿಕೆ, ನೆನಪಿರಲಿ.

ಮ್ಯೂನಿಕ್ ಕನ್ನಡಿಗ

ಸ್ಟಿಕರ್ ವಿಷಯಕ್ಕೆ ನನ್ನದೂ ಎರಡು ಸಾಲು. ನಾಯಿಯನ್ನು ಭಾರತದಿಂದ ಯುರೋಪಿಗೆ ತರುವವರು ಮೊದಲು ಮೈಕ್ರೋಚಿಪ್ ಹಾಕಿಸಿ, ಆಮೇಲೆ ರೇಬೀಸ್. ಉಲ್ಟಾ ಆದರೆ ಲಸಿಕೆ ಲೆಕ್ಕಕ್ಕೆ ಬರಲ್ಲ. ಲಸಿಕೆ ಆಗಿ ಕನಿಷ್ಠ 30 ದಿನ ಬಿಟ್ಟು ರಕ್ತ ಪರೀಕ್ಷೆ, ಅಲ್ಲಿಂದ ಮೂರು ತಿಂಗಳು ಕಾಯಬೇಕು. ನಾನು ಉಲ್ಟಾ ಮಾಡಿದೆ. ನಾಯಿ ಅರ್ಧ ವರ್ಷ ಮಂಡ್ಯದಲ್ಲಿ ಅತ್ತೆ ಮನೆಯಲ್ಲೇ ಉಳಿಯಿತು. ಈಗ ಅತ್ತೆ ಕಳಿಸಲು ಒಪ್ಪುತ್ತಿಲ್ಲ, ಅದು ಬೇರೆ ಕಥೆ.

ಕಡಲತಡಿ (ಕುಂದಾಪುರ)

ಇಲ್ಲಿ ಯಾರೂ ಇಲಿ ಜ್ವರದ ಬಗ್ಗೆ ಹೇಳಲಿಲ್ಲವಲ್ಲ! ಅಡಿಕೆತೋಟ ಅವರೇ, ನಿಮ್ಮದೂ ನಮ್ಮದೂ ಮಳೆ ಊರು. ಗದ್ದೆ, ತೋಡು, ಇಲಿ, ಹೆಗ್ಗಣ. ಇಲಿಯ ಉಚ್ಚೆ ಬಿದ್ದ ನೀರಿನಿಂದ ನಾಯಿಗೂ ಬರುತ್ತದೆ, ನಾಯಿಯ ಉಚ್ಚೆಯಿಂದ ನಮಗೂ ಬರಬಹುದು. ನಮ್ಮ ಪಕ್ಕದ ಮನೆ ನಾಯಿಗೆ ಕಣ್ಣು, ವಸಡು ಎಲ್ಲ ಹಳದಿ ಆಗಿ ಮೂತ್ರಪಿಂಡ ಕೈಕೊಟ್ಟಿತು. ಮಳೆ ಶುರುವಾಗುವ ಮೊದಲೇ ಆ ಲಸಿಕೆ ಆಗಿರಲಿ.

ನಿವೃತ್ತ ಪಶುವೈದ್ಯ

ಸರಿಯಾಗಿ ನೆನಪಿಸಿದಿರಿ. ಇಲಿ ಜ್ವರದ ಲಸಿಕೆ ಅದೇ ಮಿಶ್ರ ಲಸಿಕೆಯ ದ್ರವದಲ್ಲಿ ಇರುತ್ತದೆ, ಆದರೆ ಎಲ್ಲ ಕಂಪನಿಯದರಲ್ಲೂ ಅಲ್ಲ. ಕೇಳಿ ಹಾಕಿಸಿ. ಎರಡು ಡೋಸ್ ಬೇಕು. ರಕ್ಷಣೆ ಒಂದೇ ವರ್ಷ, ಹಾಗಾಗಿ ಪ್ರತಿ ವರ್ಷ ಹಾಕಿಸಲೇಬೇಕು.

ಪಾರ್ವೋ, ಡಿಸ್ಟೆಂಪರ್ ಹಾಗಲ್ಲ. ಮರಿಯಲ್ಲಿ ಸರಿಯಾಗಿ ಆದರೆ, ಆರು ತಿಂಗಳಿಗೆ ಇನ್ನೊಂದು ಕೊಟ್ಟರೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕು ಅಂತ ವಿಶ್ವ ಸಣ್ಣ ಪ್ರಾಣಿ ವೈದ್ಯರ ಸಂಘದ 2024ರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಈಗಲೂ ಹೆಚ್ಚಿನ ಕಡೆ ಎಲ್ಲವನ್ನೂ ಪ್ರತಿ ವರ್ಷ ಚುಚ್ಚುತ್ತಾರೆ. ಖರ್ಚಿನ ಬಗ್ಗೆ ಗಂಡುಮೆಟ್ಟು ಅವರು ಹೇಳಿದ್ದು ಇಲ್ಲಿ ಸ್ವಲ್ಪ ನಿಜ. ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ. ರೇಬೀಸ್ ಮಾತ್ರ ವರ್ಷ ತಪ್ಪಿಸಬೇಡಿ. ಲಕ್ಷಣ ಕಾಣಿಸಿಕೊಂಡರೆ ನಾಯಿಗೂ ಮನುಷ್ಯನಿಗೂ ಉಳಿಗಾಲವಿಲ್ಲ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಉಚಿತವಾಗಿ ಹಾಕುವುದುಂಟು, ವಿಚಾರಿಸಿಕೊಳ್ಳಿ. ಯಾವುದಾದರೂ ನಾಯಿ ಕಚ್ಚಿದರೆ, ಪರಚಿದರೂ ಸೈ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ ಮೆತ್ತುವುದು ಬೇಡ.

ಜಂತುಹುಳು ಔಷಧಿ ಮರೆಯಬೇಡಿ. ಮೂರು ತಿಂಗಳವರೆಗೆ 15 ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿ ಕೊಡಬೇಕು, ಅಂದಾಜಿನಲ್ಲಿ ಅಲ್ಲ.

ಅಡಿಕೆತೋಟ

ಬರೆದುಕೊಂಡೆ. ಉಣುಗಿಗೆ ಏನು ಮಾಡಲಿ? ಬೊಗ್ಗ ಕಾಡಿಗೆ ಹೋಗಿ ಬಂದರೆ ಕಿವಿ ತುಂಬ ಉಣುಗು. ನಮ್ಮ ಕಡೆ ಮಂಗನ ಕಾಯಿಲೆ ಭಯ ಬೇರೆ.

ನಿವೃತ್ತ ಪಶುವೈದ್ಯ

ಭಯ ಸರಿಯಾದದ್ದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಆ ರೋಗ ಮೊದಲು ಗೊತ್ತಾಗಿದ್ದು. ಅದನ್ನು ಹರಡುವುದು ಕಾಡಿನ ಉಣುಗು. ಮನೆ ನಾಯಿಯ ಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಬೇರೆ ಜಾತಿ. ಅದು ನಾಯಿಗೆ ಉಣುಗು ಜ್ವರ ತರುತ್ತದೆ: ಸುಸ್ತು, ಜ್ವರ, ಕೆಲವು ಸಲ ಮೂಗಿನಲ್ಲಿ ರಕ್ತ. ತುಟಿ ಎತ್ತಿ ನೋಡಿದರೆ ವಸಡು ಬಿಳಚಿಕೊಂಡಿರುತ್ತದೆ. ಆದರೆ ಕಾಡಿಗೆ ಹೋಗುವ ನಾಯಿ ಕಾಡಿನ ಉಣುಗನ್ನೂ ಜಗಲಿಗೆ ಹೊತ್ತು ತರಬಹುದು. ನವೆಂಬರ್‌ನಿಂದ ಮೇವರೆಗೆ ಕಟ್ಟಿಹಾಕಿ. ಬರಿಗೈಯಲ್ಲಿ ಉಣುಗು ಕಿತ್ತು ಉಗುರಿನಲ್ಲಿ ಚಿಟಕುವುದು ಬೇಡ. ತಿಂಗಳಿಗೊಂದು ಅಥವಾ ಮೂರು ತಿಂಗಳಿಗೊಂದು ಕೊಡುವ ಮಾತ್ರೆಗಳು ಈಗ ಬಂದಿವೆ. ಬೆಲೆ ಜಾಸ್ತಿ, ಕೆಲಸ ಚೆನ್ನಾಗಿ ಮಾಡುತ್ತವೆ. ಮೂರ್ಛೆ ಬರುವ ನಾಯಿಯಾದರೆ ಮೊದಲೇ ಡಾಕ್ಟರಿಗೆ ಹೇಳಿ.

ಬೆಕ್ಕಿನಮನೆ

ಇದರ ಜೊತೆಗೆ ದಯವಿಟ್ಟು ಇದನ್ನೂ ಓದಿ. ನಾಯಿಗೆ ತಂದ ಉಣುಗಿನ ಔಷಧಿ ಉಳಿಯಿತು ಅಂತ ಬೆಕ್ಕಿಗೆ ಹಚ್ಚಬೇಡಿ! ನಮ್ಮ ಬೀದಿಯಲ್ಲಿ ಒಬ್ಬರು ಹಚ್ಚಿದರು. ರಾತ್ರಿ ಹೊತ್ತಿಗೆ ಬೆಕ್ಕು ಗಡಗಡ ನಡುಗಿ ಫಿಟ್ಸ್ ಬಂತು. ಪರ್ಮೆಥ್ರಿನ್ ಅಂತ ಬರೆದಿರುವುದು ಬೆಕ್ಕಿಗೆ ವಿಷ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡುವುದೂ ಅಷ್ಟೇ, ಒಂದು ಮಾತ್ರೆ ಸಾಕು ಜೀವ ಹೋಗಲು.

ಜಯನಗರ4ನೇಬ್ಲಾಕ್

ಹಲ್ಲಿಗೆ ವಾಪಸ್ ಬರೋಣ. ನಮ್ಮ ಈಗಿನ ನಾಯಿಗೆ ಬಾಯಿ ವಾಸನೆ. ಗ್ರೂಮಿಂಗ್ ಅಂಗಡಿಯಲ್ಲಿ ಅರಿವಳಿಕೆ ಇಲ್ಲದೆ ಕೆರೆದು ಬೆಳ್ಳಗೆ ಮಾಡಿಕೊಡ್ತೀವಿ ಅಂತಿದ್ದಾರೆ. ಮಾಡಿಸಬಹುದಾ? ಅರಿವಳಿಕೆ ಅಂದರೆ ನನಗೆ ಭಯ.

ನಿವೃತ್ತ ಪಶುವೈದ್ಯ

ಬೇಡ. ಹೊರಗೆ ಕಾಣುವ ಪಾಚಿ ಹೋಗುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ರೋಗ ಇರುವುದು ವಸಡಿನ ಕೆಳಗೆ. ಎಚ್ಚರವಿರುವ ನಾಯಿ ಅಲ್ಲಿ ಸಲಕರಣೆ ಹಾಕಲು ಬಿಡುವುದಿಲ್ಲ. ಮೇಲೆ ಬೆಳ್ಳಗಾದ ಮೇಲೆ ನೀವೂ ನೋಡುವುದು ಬಿಡುತ್ತೀರಿ, ಅದೇ ಅಪಾಯ. ಅರಿವಳಿಕೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ, ಲಿವರ್ ಸರಿ ಇದೆಯಾ ನೋಡಿಕೊಂಡು ಮಾಡುತ್ತಾರೆ. ಹೆಬ್ಬಾಳದ ವೆಟರಿನರಿ ಕಾಲೇಜಿನ ಆಸ್ಪತ್ರೆ ನಿಮ್ಮ ಊರಲ್ಲೇ ಇದೆ, ಅಲ್ಲೂ ವಿಚಾರಿಸಿ.

ಮನೆಯಲ್ಲಿ ಉಜ್ಜುವುದು ಹೇಗೆ ಅಂತ ಹೇಳುತ್ತೇನೆ, ಬಹಳ ಜನ ತಪ್ಪು ಕಡೆಯಿಂದ ಶುರು ಮಾಡುತ್ತಾರೆ. ಬಾಯಿ ಅಗಲಿಸಲೇಬೇಡಿ. ಬೆರಳಿಗೆ ಹತ್ತಿ ಬಟ್ಟೆ ಸುತ್ತಿ, ಕೆನ್ನೆ ಪಕ್ಕದಿಂದ ತುಟಿಯೊಳಗೆ ಜಾರಿಸಿ, ಮೇಲಿನ ದವಡೆಯ ದೊಡ್ಡ ಹಲ್ಲಿನ ಹೊರಮೈ ಒರೆಸಿ. ಜೊಲ್ಲಿನ ನಾಳ ಅಲ್ಲೇ ತೆರೆಯುವುದರಿಂದ ಪಾಚಿ ಮೊದಲು ಗಟ್ಟಿಯಾಗುವುದೂ ಅಲ್ಲೇ. ಒಳಮೈಯನ್ನು ನಾಲಿಗೆ ನೋಡಿಕೊಳ್ಳುತ್ತದೆ. ಮೊದಲ ವಾರ ಹತ್ತು ಸೆಕೆಂಡ್ ಸಾಕು. ದಿನಾ ಮಾಡಿದರೆ ಒಳ್ಳೆಯದು, ಯಾಕಂದರೆ ಮೆತ್ತಗಿನ ಪಾಚಿ ಎರಡು ಮೂರು ದಿನದಲ್ಲಿ ಕಲ್ಲಾಗುತ್ತದೆ. ಕಲ್ಲಾದ ಮೇಲೆ ಬ್ರಷ್ಷಿಗೆ ಬರುವುದಿಲ್ಲ. ನಮ್ಮ ಪೇಸ್ಟ್ ಬೇಡ. ಅವು ಉಗುಳುವುದಿಲ್ಲ, ನುಂಗುತ್ತವೆ. ಕೆಲವು ಪೇಸ್ಟಿನಲ್ಲಿರುವ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ನಾಯಿಗೆ ವಿಷ.

ಬೊಗ್ಗ ಏನು ಕಡಿಯುತ್ತಿದ್ದ?

ಅಡಿಕೆತೋಟ

ಎಲ್ಲಿಂದಲೋ ಹೊತ್ತು ತಂದ ದನದ ಮೂಳೆ. ಅದಿಲ್ಲದಿದ್ದರೆ ಕಟ್ಟಿದ ಸರಪಳಿ.

ನಿವೃತ್ತ ಪಶುವೈದ್ಯ

ಅದೇ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳದ ಯಾವ ವಸ್ತುವನ್ನೂ ಕಡಿಯಲು ಕೊಡಬೇಡಿ.

ಗಂಡುಮೆಟ್ಟು

ನೀವೆಲ್ಲ ತುಟಿ ಎತ್ತಿ ಎತ್ತಿ ಅಂದಿದ್ದಕ್ಕೆ ನಿನ್ನೆ ಸಂಗ್ಯಾನ ತುಟಿ ಎತ್ತಿ ನೋಡಿದೆ. ಒಂದು ಅನುಮಾನ ಬಂತು, ಡಾಕ್ಟರ್ ಸಾಹೇಬರು ಹೇಳಬೇಕು. ಹಲ್ಲು ಮುರಿದಿಲ್ಲ. ಆದರೆ ಮೈಯೆಲ್ಲ ತೂತು ತೂತು, ಹುಳ ತಿಂದ ಜೋಳದ ಕಾಳಿನಂಗ. ಬಿಳಿ ಪದರವೇ ಇಲ್ಲ, ಕಂದು ಬಣ್ಣ. ನೋಡಿದ ಮೇಲೆ ನೆನಪಾಯ್ತು, ಅವನಿಗೆ ಮೊದಲಿಂದಲೂ ಹಾಗೇ ಇತ್ತು.

ನಿವೃತ್ತ ಪಶುವೈದ್ಯ

ಒಂದು ಕಾಲು ಅಥವಾ ಹಣೆ ಆಗಾಗ ತಾಳ ಹಾಕಿದ ಹಾಗೆ ಅದುರುತ್ತದೆಯೇ? ಮಲಗಿದ್ದಾಗಲೂ?

ಗಂಡುಮೆಟ್ಟು

ಹೌದು ನೋಡ್ರಿ! ಎಡಗಡೆ ಹಿಂಗಾಲು. ನಮ್ಮ ಹುಡುಗರು ಅವನಿಗೆ "ತಬಲಾ" ಅಂತಾರೆ. ನಿಮಗೆ ಹೆಂಗ ಗೊತ್ತಾಯ್ತು?

ನಿವೃತ್ತ ಪಶುವೈದ್ಯ

ಮರಿಯಾಗಿದ್ದಾಗ ಅವನಿಗೆ ಡಿಸ್ಟೆಂಪರ್ ಬಂದು ಹೋಗಿದೆ. ಶಾಶ್ವತ ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಹೊತ್ತಿಗೆ ಆ ವೈರಸ್ ತಗುಲಿದರೆ ಮೇಲಿನ ಹೊಳಪು ಪದರ ಸರಿಯಾಗಿ ಬೆಳೆಯುವುದಿಲ್ಲ. ಕಾಲಿನ ಅದುರು ನರಕ್ಕೆ ಬಿದ್ದ ಪೆಟ್ಟು. ಆ ಸೂಲಿನಲ್ಲಿ ಎಷ್ಟು ಮರಿ ಇದ್ದವು?

ಗಂಡುಮೆಟ್ಟು

ಆರು ಇದ್ದವು. ಉಳಿದವನು ಇವನೊಬ್ಬನೇ.

(ತಡವಾಗಿ ಸೇರಿಸಿದ್ದು) ಅವು ಚಳಿಗೆ ಸತ್ತವು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆವು. ಸೋಮವಾರ ಸಂಗ್ಯಾನನ್ನು ಕರೆದುಕೊಂಡು ಹೋಗ್ತೀನಿ. ಈಗ ಇಂಜೆಕ್ಷನ್ ಹಾಕಿಸಿದರೆ ಉಪಯೋಗ ಅದ ಏನು?

ನಿವೃತ್ತ ಪಶುವೈದ್ಯ

ಇದೆ. ರೇಬೀಸ್, ಇಲಿ ಜ್ವರ ಎರಡಕ್ಕೂ ಅವನಿಗೆ ರಕ್ಷಣೆ ಇಲ್ಲ. ಆ ಹಲ್ಲುಗಳಿಗೆ ಪಾಚಿ ಬೇಗ ಹಿಡಿಯುತ್ತದೆ, ತೋರಿಸಿ. ಮತ್ತೆ ತಬಲಾ ಅನ್ನುವ ಹೆಸರು ಚೆನ್ನಾಗಿದೆ.

ಬೆಕ್ಕಿನಮನೆ

ಅಡಿಕೆತೋಟ ಅವರೇ, ಪುಟ್ಟಿ ಏನಾದಳು? ಸುಮ್ನೆ ನಾಯಿ ಕಥೆಯಲ್ಲಿ ಬೆಕ್ಕನ್ನು ಮರೆಸಿಬಿಟ್ಟಿರಿ. 😀

ಅಡಿಕೆತೋಟ (ಎರಡು ತಿಂಗಳ ನಂತರ)

ತಡವಾಗಿದ್ದಕ್ಕೆ ಕ್ಷಮಿಸಿ, ಕೊಯ್ಲು ಇತ್ತು.

ಪುಟ್ಟಿಯ ಕಥೆ ಮೊದಲು. ಗೋಣಿಚೀಲದಲ್ಲಿ ಹಾಕಿಕೊಂಡು ಹೋದೆ, ಕೈ ಪೂರ್ತಿ ಪರಚಿದಳು. ಎರಡನೇ ಸಲ ಡಾಕ್ಟರ್ ಹೇಳಿದ ಹಾಗೆ ಹಣ್ಣಿನ ಪ್ಲಾಸ್ಟಿಕ್ ಬುಟ್ಟಿ ಎರಡನ್ನು ಮುಖಾಮುಖಿ ಕಟ್ಟಿ, ಒಳಗೆ ಅಮ್ಮನ ಹಳೇ ಸೀರೆ ಹಾಸಿ, ಒಂದು ವಾರ ಮೊದಲೇ ಅಡುಗೆಮನೆಯಲ್ಲಿ ಇಟ್ಟೆ. ತಾನಾಗಿ ಹೋಗಿ ಮಲಗಿದಳು. ಟ್ರೈಕ್ಯಾಟ್ ಎರಡು, ರೇಬೀಸ್ ಒಂದು ಆಯ್ತು. ನಾನೂ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ.

ಬೊಗ್ಗನಿಗೆ ಒಂದು ಹಲ್ಲು ಕಮ್ಮಿ, ಸರಪಳಿ ಬದಲು ಹಗ್ಗ. ಬಾಯಿ ಒರೆಸಲು ಹೋದರೆ ಗುರ್ ಅಂತಾನೆ, ಮೊಸರು ಸವರಿದ ಬಟ್ಟೆಗೆ ಒಪ್ಪಿಕೊಂಡಿದ್ದಾನೆ. ಭಾವ ಸ್ವಲ್ಪ ದಿನ ಮುನಿಸಿಕೊಂಡಿದ್ದ. ಈಗ ಮರಿಯನ್ನು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುವ ಕೆಲಸ ಅವನದೇ.

ಮರಿಗೆ ನಿನ್ನೆ ಮೂರನೇ ಡೋಸ್, 16 ವಾರ ತುಂಬಿ ಎರಡು ದಿನಕ್ಕೆ. ಮೂರು ಸ್ಟಿಕರ್ ಇದೆ, ಎಣಿಸಿದ್ದೇನೆ. ಇವತ್ತು ಬೆಳಿಗ್ಗೆ ಅಮ್ಮ ಜಗಲಿ ಗುಡಿಸುವಾಗ ಅಕ್ಕಿಕಾಳು ಬಿದ್ದಿದೆ ಅಂತ ಎತ್ತಿಕೊಂಡರು. ನೋಡಿದರೆ ಮರಿಯ ಹಾಲುಹಲ್ಲು. ತುಟಿ ಎತ್ತಿದೆ, ಮುಂದೆ ಎರಡು ಕಿಂಡಿ. ನಾನು ಫೋಟೋ ತೆಗೆದು ಇಲ್ಲಿ ಹಾಕೋಣ ಅಂತ ಫೋನ್ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅಮ್ಮ ಅದನ್ನು ಸಗಣಿಯಲ್ಲಿ ಸುತ್ತಿ, ನಮಗೆಲ್ಲ ಮಾಡುತ್ತಿದ್ದ ಹಾಗೆಯೇ, ಹೆಂಚಿನ ಮೇಲೆ ಎಸೆದಾಗಿತ್ತು.